ಲೀಡ್ ಎನ್ವಿರಾನ್‌ಮೆಂಟಲ್ ಸ್ಪೆಷಲಿಸ್ಟ್ ಆಗಬೇಕು: ಲೀಡ್ ಆಡಿಟರ್ ಕೋರ್ಸ್ ಮಾಡಲಾ, ಹೊರದೇಶದಲ್ಲಿ ಎಂಎಸ್ ಮಾಡಲಾ?

ಎಂಎಸ್ಸಿ ಎನ್ವಿರಾನ್‌ಮೆಂಟಲ್ ಸೈನ್ಸ್, ಪೀಣ್ಯದ ಲ್ಯಾಬಿನಲ್ಲಿ ಮೂರು ವರ್ಷ... ನಿಮ್ಮ ಪ್ರಶ್ನೆ ಓದುತ್ತಾ ನನ್ನದೇ ಹಳೇ ಬಯೋಡೇಟಾ ಕೈಗೆ ಸಿಕ್ಕ ಹಾಗಾಯ್ತು. ಯಾವ ಕೋರ್ಸ್ ಮಾಡಿದರೆ ಬೇಗ ಲೀಡ್ ಆಗಬಹುದು ಅಂತ ನಾನೂ ಕಂಡಕಂಡವರನ್ನೆಲ್ಲ ಕೇಳುತ್ತಿದ್ದೆ. ಈಗ ಒಂದು ಕಾರ್ಖಾನೆಯಲ್ಲಿ ಅದೇ ಹುದ್ದೆಯಲ್ಲಿದ್ದೇನೆ. ಬೇಗ ಮಾತ್ರ ಆಗಲಿಲ್ಲ. ಅದಕ್ಕೆ ಕಾರಣ ಒಂದು ಬಾವಿ.

ಆಗ ನಾನು ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯಲ್ಲಿದ್ದೆ. ಕೊಪ್ಪಳದ ಕಡೆ ಒಂದು ಸ್ಪಾಂಜ್ ಐರನ್ ಕಾರ್ಖಾನೆ ದೊಡ್ಡದಾಗಬೇಕಿತ್ತು, ಅದರ ಇಐಎ ವರದಿ, ಅಂದರೆ ಪರಿಸರದ ಮೇಲೆ ಏನು ಪರಿಣಾಮ ಆಗುತ್ತದೆ ಅನ್ನುವ ವರದಿ, ನಮ್ಮದು. ಕಾರ್ಖಾನೆಯ ಸುತ್ತ 10 ಕಿಲೋಮೀಟರ್‌ನಲ್ಲಿ ಗಾಳಿ, ನೀರು, ಮಣ್ಣು, ಸದ್ದು ಎಲ್ಲವನ್ನೂ ಮಳೆಗಾಲ ಬಿಟ್ಟು ಒಂದು ಸೀಸನ್ ಪೂರ್ತಿ ಅಳೆಯಬೇಕು. ನಾವು ಮಾರ್ಚ್‌ನಿಂದ ಮೇವರೆಗೆ ಅಳೆದೆವು. ಅಂದರೆ, ಅಳೆದದ್ದು ಲ್ಯಾಬಿನ ಹುಡುಗರು. ನಾನು ಆಫೀಸಿನಲ್ಲಿ ಕೂತು ಟೇಬಲ್ ತುಂಬಿಸಿದೆ. ನೀರಿನ ಅಧ್ಯಾಯಕ್ಕೆ ಎಕ್ಸ್‌ಪರ್ಟ್ ಅಂತ ಸಹಿ ಹಾಕಿದ್ದೂ ನಾನೇ.

ಸಾರ್ವಜನಿಕ ಆಲಿಕೆ ಜನವರಿಯಲ್ಲಿ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ವಿಡಿಯೋ ಕ್ಯಾಮೆರಾ, ವೇದಿಕೆ ಮೇಲೆ ಜಿಲ್ಲಾಡಳಿತದವರು, ಮಾಲಿನ್ಯ ನಿಯಂತ್ರಣ ಮಂಡಳಿಯವರು. ಜನ ಎದ್ದು ಕೆಲಸ ಕೇಳಿದರು, ರಸ್ತೆ ಕೇಳಿದರು, ಹೊಗೆಗೆ ಬೈದರು. ಅದೆಲ್ಲಾ ಮಾಮೂಲಿ. ಆಮೇಲೆ ವಯಸ್ಸಾದ ರೈತರೊಬ್ಬರು ನಮ್ಮ ಕನ್ನಡ ಸಾರಾಂಶವನ್ನೇ ಸುರುಳಿ ಸುತ್ತಿ ಹಿಡಿದುಕೊಂಡು ಎದ್ದರು. ಪಂಚಾಯಿತಿಯಲ್ಲಿ ಇಟ್ಟಿದ್ದ ಪ್ರತಿ ಅದು, ಅದನ್ನು ಯಾರೂ ಓದುವುದಿಲ್ಲ ಅಂತ ನಮ್ಮ ಆಫೀಸಿನಲ್ಲಿ ಎಲ್ಲರ ನಂಬಿಕೆ. "ಮೇಡಂ, ಇದ್ರಾಗ ನಮ್ಮ ಬಾವಿ ನೀರು ಟೆಸ್ಟ್ ಮಾಡೀವಿ ಅಂತ ಬರದೀರಿ. ಆ ಬಾವ್ಯಾಗ ನೀರ ಇಲ್ರಿ, ಎರಡು ವರ್ಷ ಆತು. ಬೇಕಂದ್ರ ಈಗ ಬರ್ರಿ, ಇಣುಕಿ ನೋಡೋಣು." ಎಲ್ಲರೂ ನಕ್ಕರು. ಕ್ಯಾಮೆರಾ ನನ್ನ ಕಡೆ ತಿರುಗಿತು.

ಆಗಿದ್ದು ಇಷ್ಟು. ಏಪ್ರಿಲ್‌ನಲ್ಲಿ ಹುಡುಗ ಹೋಗಿದ್ದಾನೆ, ಬಾವಿ ಒಣಗಿತ್ತು. ಉರಿ ಬಿಸಿಲು, ಇನ್ನೂ ಆರು ಕಡೆ ಹೋಗಬೇಕು, ಪಕ್ಕದ ಹೊಲದ ಬೋರಿನಿಂದ ಕ್ಯಾನ್ ತುಂಬಿಸಿದ್ದಾನೆ. ಫೀಲ್ಡ್ ಶೀಟ್‌ನಲ್ಲಿ ಮೂಲೆಗೆ 'ಬೋರ್' ಅಂತ ಪೆನ್ಸಿಲ್‌ನಲ್ಲಿ ಬರೆದೂ ಇದ್ದಾನೆ ಪಾಪ. ಲ್ಯಾಬಿನವರು ಟೈಪ್ ಮಾಡುವಾಗ ಆ ಪದ ಬಿಟ್ಟುಹೋಯ್ತು, 'ಜಿಡಬ್ಲ್ಯೂ-4 (ಅಂತರ್ಜಲದ ನಾಲ್ಕನೇ ಜಾಗ), ತೆರೆದ ಬಾವಿ' ಅಂತ ನನ್ನ ಹಳೇ ಪಟ್ಟಿಯಲ್ಲಿ ಇದ್ದದ್ದೇ ಉಳಿಯಿತು. ಹುಡುಗನದ್ದು ತಪ್ಪು ಅಂತ ಎರಡು ದಿನ ಕೂಗಾಡಿದೆ. ಆದರೆ ಆ ಶೀಟ್ ನನ್ನ ಡ್ರಾಯರ್‌ನಲ್ಲೇ ಇತ್ತು, ನಾನು ತೆಗೆದು ನೋಡಿರಲಿಲ್ಲ.

ಇದಕ್ಕಿಂತ ನಾಚಿಕೆಗೇಡಿನದು ಇನ್ನೊಂದಿದೆ. ಬಾವಿಯ ನೀರಿನ ಮಟ್ಟ 6.2 ಮೀಟರ್ ಅಂತ ಹಾಕಿದ್ದೆ. ನೀರೇ ಇಲ್ಲದ ಬಾವಿಗೆ ಮಟ್ಟ ಎಲ್ಲಿಂದ ಬಂತು? ಅದೇ ಕಡೆಯ ಬೇರೊಂದು ಪ್ರಾಜೆಕ್ಟಿನ ಹಳೇ ವರದಿಯಿಂದ. ಒಂದು ಕಾಲಂ ಖಾಲಿ ಇತ್ತು, ಸಂಜೆ ವರದಿ ಕಳಿಸಬೇಕಿತ್ತು, ಹಾಕಿದೆ. ಅಷ್ಟೇ. ನಾನೇ ಟೈಪ್ ಮಾಡಿದ ಅಂಕಿಯೂ ಕೂಗಿ ಹೇಳುತ್ತಿತ್ತು: ಫ್ಲೋರೈಡ್ ಲೀಟರಿಗೆ 1.9 ಮಿಲಿಗ್ರಾಂ. ಕುಡಿಯುವ ನೀರಿಗೆ ಬೇರೆ ಗತಿಯೇ ಇಲ್ಲದಿದ್ದರೂ 1.5 ದಾಟಬಾರದು. ಆ ಸೀಮೆಯ ಆಳದ ಬೋರುಗಳಲ್ಲಿ ಫ್ಲೋರೈಡ್ ಜಾಸ್ತಿ ಅಂತ ನನಗೆ ಗೊತ್ತಿತ್ತು, ಸುತ್ತಲಿನ ಬೇರೆ ಬಾವಿಗಳಲ್ಲೆಲ್ಲಾ ಒಂದಕ್ಕಿಂತ ಕಮ್ಮಿ ಬಂದಿತ್ತು. ಇದೊಂದೇ ಯಾಕೆ ಹೀಗೆ ಅಂತ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಆಲಿಕೆಯಲ್ಲಿ ಆಡಿದ ಮಾತೆಲ್ಲ ನಡಾವಳಿಯಲ್ಲಿ ಸೇರಿ ತಜ್ಞರ ಸಮಿತಿಗೆ ಹೋಗುತ್ತದೆ. ಒಂದು ಬಾವಿ ಸುಳ್ಳಾದರೆ ಉಳಿದದ್ದನ್ನು ಯಾರು ನಂಬುತ್ತಾರೆ? ಹೊಸದಾಗಿ ಒಂದು ಸೀಸನ್ ಅಳೆದು ತನ್ನಿ ಅಂದರು. ಅಷ್ಟರಲ್ಲಿ ಜೂನ್ ಬಂದಿತ್ತು. ಮಳೆಗಾಲದ ಲೆಕ್ಕ ನಡೆಯುವುದಿಲ್ಲ, ಅಕ್ಟೋಬರ್‌ವರೆಗೆ ಕಾಯಬೇಕು. ಒಂದು ಕ್ಯಾನ್ ನೀರಿಗೆ ಕ್ಲೈಂಟಿನ ಎಂಟು ತಿಂಗಳು ಹೋಯಿತು. ಅದೇ ವರ್ಷ ನಾನು ಇಐಎ ಕೋಆರ್ಡಿನೇಟರ್ ಆಗಬೇಕಿತ್ತು, ನನ್ನ ಹೆಸರು ತೆಗೆದರು. ನಾನಾದರೂ ತೆಗೆಯುತ್ತಿದ್ದೆ ಬಿಡಿ.

ಸಂಬಳ ಕಮ್ಮಿಯಾದರೂ ಪರವಾಗಿಲ್ಲ ಅಂತ ಒಂದು ಕಾರ್ಖಾನೆಯ ಎನ್ವಿರಾನ್‌ಮೆಂಟ್ ಸೆಕ್ಷನ್‌ಗೆ ಸೇರಿಕೊಂಡೆ. ಅಲ್ಲಿ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನೋಡಿಕೊಳ್ಳುತ್ತಿದ್ದ ಆಪರೇಟರ್ ಎಸ್ಸೆಸ್ಸೆಲ್ಸಿ ಪಾಸು. ದಿನಾ ಬೆಳಿಗ್ಗೆ ಗಾಳಿ ಊದುವ ಏರೇಷನ್ ಟ್ಯಾಂಕಿನ ನೀರನ್ನು ಒಂದು ಲೀಟರ್ ಜಾರಿಗೆ ತುಂಬಿ, ಅರ್ಧ ಗಂಟೆ ಬಿಟ್ಟು, ಕೆಸರು ಎಷ್ಟಕ್ಕೆ ಕೂತಿದೆ ಅಂತ ನೋಡುತ್ತಿದ್ದ. "ಮೇಡಂ, ಇವತ್ತು ಹೊಟ್ಟೆ ಸರಿಯಿಲ್ಲ ಇದಕ್ಕೆ, ಯಾರೋ ಕ್ಯಾಂಟೀನ್ ಎಣ್ಣೆ ಬಿಟ್ಟಿದ್ದಾರೆ" ಅನ್ನುತ್ತಿದ್ದ. ಹೋಗಿ ನೋಡಿದರೆ ಹಾಗೇ ಇರುತ್ತಿತ್ತು. ನೀರಿನ ಕೊಳೆ ಎಷ್ಟು ಅಂತ ಹೇಳುವ ಲ್ಯಾಬಿನ ಬಿಓಡಿ ರಿಪೋರ್ಟ್ ಬರುವುದು ಮೂರು ದಿನ ಆದಮೇಲೆ, ಗೊತ್ತಲ್ಲ.

ಈಗ ನಿಮ್ಮ ಪ್ರಶ್ನೆ. ನನಗೆ ಪ್ರಶ್ನೆಯೇ ಸರಿ ಕಾಣುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಐಎಸ್‌ಒ 14001 (ಪರಿಸರ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ) ಲೀಡ್ ಆಡಿಟರ್ ಕೋರ್ಸ್ ಐದು ದಿನದ್ದು. ಕೆಲಸಕ್ಕೆ ಸೇರಿದ ಮೇಲೆ ಕಂಪನಿ ದುಡ್ಡಲ್ಲೇ ಮಾಡಿ, ಕೈಯಿಂದ ಹಾಕಬೇಡಿ. ಹೆಸರಲ್ಲಿ 'ಲೀಡ್' ಇದೆ ಅಂತ ಹುದ್ದೆಯಲ್ಲಿ ಲೀಡ್ ಬರುವುದಿಲ್ಲ. ಸಾಲ ಮಾಡಿ ಹೊರದೇಶಕ್ಕೆ ಹೋಗುವುದಾದರೆ ಅಲ್ಲೇ ಕೆಲಸ ಮಾಡುವ ಮನಸ್ಸಿದ್ದರೆ ಹೋಗಿ. ವಾಪಸ್ ಬಂದು ಇಲ್ಲಿ ಕೂರುವುದಾದರೆ ಇಲ್ಲಿಯ ಕನ್ಸೆಂಟ್ ಆರ್ಡರ್ (ಕಾರ್ಖಾನೆ ನಡೆಸಲು ಮಾಲಿನ್ಯ ನಿಯಂತ್ರಣ ಮಂಡಳಿ ಷರತ್ತು ಹಾಕಿ ಕೊಡುವ ಒಪ್ಪಿಗೆ) ಓದುವುದನ್ನು ಅಲ್ಲಿ ಯಾರೂ ಹೇಳಿಕೊಡುವುದಿಲ್ಲ.

ನಾನು ಇಂಟರ್‌ವ್ಯೂ ಮಾಡುವಾಗ ಕೇಳುವುದೂ ಅದನ್ನೇ. ಕನ್ಸೆಂಟ್ ಆರ್ಡರ್ ಕೈಗೆ ಕೊಟ್ಟು, ಇದರಲ್ಲಿ ನಾಳೆಯೇ ನಮಗೆ ತೊಂದರೆ ಕೊಡುವ ಷರತ್ತು ಯಾವುದು ಅಂತ. ಪರಿಸರ ಅನುಮತಿಯ ಷರತ್ತು ಪಾಲಿಸಿದ್ದೇವೆ ಅನ್ನುವ ಅರ್ಧ ವರ್ಷದ ಕಂಪ್ಲಯನ್ಸ್ ವರದಿ ಜೂನ್ 1, ಡಿಸೆಂಬರ್ 1ಕ್ಕೆ, ವರ್ಷದ ಪರಿಸರ ಹೇಳಿಕೆ ಫಾರಂ 5 ಸೆಪ್ಟೆಂಬರ್ 30ಕ್ಕೆ ಅಂತ ಬಾಯಲ್ಲಿರಬೇಕು. ಸರ್ಟಿಫಿಕೇಟ್ ಕಟ್ಟು ತಂದವರಲ್ಲಿ ಬಹಳ ಜನ ಇಲ್ಲೇ ತಡವರಿಸುತ್ತಾರೆ.

ಲ್ಯಾಬಿನಲ್ಲಿ ಇದ್ದೀರಲ್ಲ, ಅದನ್ನು ಸುಮ್ನೆ ಬಿಡಬೇಡಿ. ಮುಂದಿನ ಸ್ಯಾಂಪ್ಲಿಂಗ್‌ಗೆ ಹುಡುಗರ ಗಾಡಿ ಹತ್ತಿ, ವಾರ ಪೂರ್ತಿ ತಿರುಗಿ. ಆಮೇಲೆ ಯಾವುದಾದರೂ ಇಟಿಪಿ (ಕಾರ್ಖಾನೆಯ ಕೊಳೆ ನೀರು ಶುದ್ಧ ಮಾಡುವ ಘಟಕ) ಇರುವ ಕಾರ್ಖಾನೆಯಲ್ಲಿ ಎರಡು ವರ್ಷ. ನನ್ನ ಕಾರಿನಲ್ಲಿ ಈಗಲೂ ತುದಿಗೆ ನಟ್ ಕಟ್ಟಿದ 30 ಮೀಟರ್ ಟೇಪ್ ಇದೆ. ಬಾವಿ ಕಂಡರೆ ಇಳಿಬಿಡುತ್ತೇನೆ, ಜೊತೆಯಲ್ಲಿರುವ ಹುಡುಗರು ನಗುತ್ತಾರೆ.