ಡ್ರಿಲ್, ಗ್ರೈಂಡರ್ ಎರಡೂ ಬ್ಯಾಟರಿಯದ್ದೇ ತಗೊಳ್ಳಬೇಕಾ?

ಹಾಸನದಲ್ಲಿ ಹೊಸ ಮನೆ, ಆಲೂರು ಕಡೆ ಎರಡು ಎಕರೆ ತೋಟ, ಕೈಯಲ್ಲಿ 10 ಸಾವಿರ. ಡ್ರಿಲ್ಲೂ ಕಬ್ಬಿಣ ಕತ್ತರಿಸುವ ಗ್ರೈಂಡರೂ ಬ್ಯಾಟರಿಯದ್ದೇ ತಗೊಳ್ಳಲಾ ಅಂತ ಕೇಳಿದ್ದೀರಿ. ಡ್ರಿಲ್ ಬ್ಯಾಟರಿಯದ್ದು ತಗೊಳ್ಳಿ. ಗ್ರೈಂಡರ್ ವೈರಿನದ್ದೇ ಇರಲಿ. ನಾನು ಸಕಲೇಶಪುರದ ಹತ್ತಿರ ಇರುವವನು, ಇದನ್ನು ದುಡ್ಡು ಕಳೆದುಕೊಂಡೇ ಕಲಿತದ್ದು.

ಮೂರು ವರ್ಷದ ಹಿಂದೆ, ಬ್ಯಾಟರಿ ಡ್ರಿಲ್ ಚೆನ್ನಾಗಿದೆಯಲ್ಲ ಅಂತ ಅದೇ ಬ್ಯಾಟರಿ ಕೂರುವ ಗ್ರೈಂಡರನ್ನೂ ತಂದೆ. ಮನೆ ಮುಂದಿನ ಗೇಟಿಗೆ ಕಬ್ಬಿಣದ ಎಲ್ ಆಂಗಲ್ ಕತ್ತರಿಸಬೇಕಿತ್ತು. ಏಳನೇ ತುಂಡಿನ ಅರ್ಧಕ್ಕೆ ಮೆಷಿನ್ ಗೊರ್ ಅಂದು ನಿಂತಿತು. ಇನ್ನೊಂದು ಬ್ಯಾಟರಿ ಹಾಕಿದೆ, ಅದೂ ಸ್ವಲ್ಪ ಹೊತ್ತಿಗೇ ಮುಗಿಯಿತು. ತೆಗೆದು ಹಿಡಿದರೆ ಈಗ ತಾನೇ ಕಾಫಿ ಸುರಿದ ಲೋಟದಷ್ಟು ಬಿಸಿ. ಬಿಸಿ ಬ್ಯಾಟರಿಯನ್ನು ನನ್ನ ಚಾರ್ಜರ್ ತಗೊಳ್ಳುವುದೂ ಇಲ್ಲ, ತಣ್ಣಗಾಗುವ ತನಕ ಸುಮ್ನೆ ದೀಪ ಮಿನುಗಿಸುತ್ತದೆ. ವೆಲ್ಡಿಂಗಿಗೆ ಬಂದ ಹುಡುಗ ಕಟ್ಟೆ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ. ಹತ್ತು ಅಡಿ ದೂರದಲ್ಲೇ ಪ್ಲಗ್ ಪಾಯಿಂಟ್ ಇತ್ತು!

ಮೊದಲೇ ಲೆಕ್ಕ ಹಾಕಿದ್ದರೆ ಗೊತ್ತಾಗುತ್ತಿತ್ತು. 18 ವೋಲ್ಟ್, 4 ಆಂಪಿಯರ್ ಅವರ್ ಬ್ಯಾಟರಿ ಅಂದರೆ ಎರಡನ್ನೂ ಗುಣಿಸಿ 72 ವ್ಯಾಟ್ ಅವರ್, 72 ವ್ಯಾಟಿನ ಮೆಷಿನ್ ಒಂದು ಗಂಟೆ ಓಡುವಷ್ಟು. ನಾಲ್ಕಿಂಚಿನ ಸಾದಾ ಗ್ರೈಂಡರ್ 700 ವ್ಯಾಟಿನ ಆಸುಪಾಸಿನದ್ದು. ಅಷ್ಟೇ ಜೋರಿನಲ್ಲಿ ಬ್ಯಾಟರಿಯಿಂದ ಎಳೆದರೆ ಆರು ನಿಮಿಷಕ್ಕೆ ಖಾಲಿ. ಡ್ರಿಲ್ ಹಾಗಲ್ಲ. ಒಂದು ಸ್ಕ್ರೂಗೆ ಎರಡು ಮೂರು ಸೆಕೆಂಡ್, ಆಮೇಲೆ ಜೇಬಿನಲ್ಲಿ ಮುಂದಿನ ಸ್ಕ್ರೂ ಹುಡುಕುವ ಹೊತ್ತೇ ಜಾಸ್ತಿ.

ನಮ್ಮ ಕಡೆ ಬ್ಯಾಟರಿ ಡ್ರಿಲ್ ಯಾಕೆ ಬೇಕು ಅಂತ ಮಳೆಗಾಲದಲ್ಲಿ ಗೊತ್ತಾಗುತ್ತದೆ. ಹೋದ ವರ್ಷ ಪುಷ್ಯ ಮಳೆಯಲ್ಲಿ ಸಿಲ್ವರ್ ಓಕಿನ ಕೊಂಬೆ ಬಿದ್ದು ಕೊಟ್ಟಿಗೆಯ ಶೀಟು ಕಿತ್ತುಬಂತು. ಮೂರು ದಿನ ಕರೆಂಟ್ ಇಲ್ಲ. ಮನೆಯವಳು ಏಣಿ ಹಿಡಿದಿದ್ದಳು, ನಾನು ಒಂದು ಕೈಯಲ್ಲಿ ಶೀಟು ಒತ್ತಿಕೊಂಡು ಇನ್ನೊಂದು ಕೈಯಲ್ಲಿ ವಾಷರ್ ಸ್ಕ್ರೂ ಕೂರಿಸುತ್ತಾ ಹೋದೆ. ಸುಮಾರು ಅರವತ್ತು ಸ್ಕ್ರೂ. ಖಾಲಿಯಾದ ಬ್ಯಾಟರಿಯನ್ನು ಮನೆಯ ಯುಪಿಎಸ್‌ನಲ್ಲೇ ಚಾರ್ಜ್ ಮಾಡಿದೆ. ಚಾರ್ಜರ್ ಎಳೆಯುವುದು ಒಂದೆರಡು ಫ್ಯಾನಿನಷ್ಟು, ಅಷ್ಟೇ. ಅದೇ ಯುಪಿಎಸ್‌ಗೆ ಗ್ರೈಂಡರ್ ಹಾಕಿದರೆ ಕಿರುಚಿಕೊಂಡು ಆಫ್ ಆಗುತ್ತದೆ. ಇನ್ನು ಕರೆಂಟ್ ಇದ್ದರೂ ಒದ್ದೆ ಏಣಿ ಮೇಲೆ 230 ವೋಲ್ಟಿನ ವೈರ್ ಎಳೆದುಕೊಂಡು ಹತ್ತಬೇಡಿ.

ಹೊಸ ಮನೆ ಅಂದಿರಿ, ಹಾಗಾದರೆ ಪರದೆ ರಾಡ್ ಹಾಕುವಾಗ ಕಿಟಕಿ ಮೇಲಿನ ಲಿಂಟಲ್ ಸಿಗುತ್ತದೆ. ಅಲ್ಲಿ ಕಾಂಕ್ರೀಟು. ಗೋಡೆಗೆ ಬಳಸುವ ಇಂಪ್ಯಾಕ್ಟ್ ಡ್ರಿಲ್ ಒಳಗೆ ಹಲ್ಲಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರಿ ಕಟಕಟ ಅಂತ ಬಡಿಯುತ್ತವೆ. ಇಟ್ಟಿಗೆಗೆ, ಸಿಮೆಂಟ್ ಬ್ಲಾಕಿಗೆ ಅದು ಸಾಕು. ಲಿಂಟಲ್‌ಗೆ ಒತ್ತಿ ಒತ್ತಿ ನಿಮ್ಮ ಭುಜ ನೋಯುತ್ತದೆ, ತೂತು ಬೇಗ ಆಗಲ್ಲ. ಅದಕ್ಕೆ ಪಿಸ್ಟನ್ನಿನಿಂದ ಬಡಿಯುವ ರೋಟರಿ ಹ್ಯಾಮರ್ ಬೇಕು. ಕೊಳ್ಳಲು ಹೋಗಬೇಡಿ. ವೈರಿಂಗ್ ಮಾಡಿದವರನ್ನು ಕರೆದು, ಇರುವ ಎಲ್ಲಾ ತೂತನ್ನೂ ಒಂದೇ ದಿನ ಹಾಕಿಸಿ.

ಅಂಗಡಿಯಲ್ಲಿ ಒಂದು ವಿಷಯ. ನೀವು ಕೊಳ್ಳುವುದು ಮೆಷಿನ್ನಲ್ಲ, ಬ್ಯಾಟರಿ. ಒಂದು ಕಂಪನಿಯದ್ದು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರಲ್ಲ, ಹಾಗಾಗಿ ಮುಂದೆ ಏನೇ ತಂದರೂ ಅದೇ ಮನೆಯ ಸಂಬಂಧ. ಎರಡು ಬ್ಯಾಟರಿ ಇರುವ ಕಿಟ್ಟನ್ನೇ ಕೇಳಿ. ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಕಂಡರೆ ಅದು ಬ್ಯಾಟರಿ, ಚಾರ್ಜರ್ ಇಲ್ಲದ ಬರೀ ಮೆಷಿನ್ ಇರಬಹುದು, ನೋಡಿಕೊಳ್ಳಿ. '20 ವೋಲ್ಟ್ ಮ್ಯಾಕ್ಸ್' ಅಂತ ಬರೆದದ್ದಕ್ಕೆ ಜಾಸ್ತಿ ಕೊಡಬೇಡಿ, ಅದೂ 18 ವೋಲ್ಟೂ ಒಂದೇ. ಒಳಗೆ 3.6 ವೋಲ್ಟಿನ ಸೆಲ್‌ಗಳನ್ನು ಐದರ ಸಾಲಿನಲ್ಲಿ ಜೋಡಿಸಿರುತ್ತಾರೆ. ಆಗಷ್ಟೇ ಚಾರ್ಜ್ ಆದಾಗ ಒಂದೊಂದೂ 4 ವೋಲ್ಟ್ ದಾಟುತ್ತದೆ, ಆ 20ನ್ನು ಡಬ್ಬಿ ಮೇಲೆ ಹಾಕುತ್ತಾರೆ.

ವೈರಿನ ಮೆಷಿನ್ ಅಂದರೆ ಹಳೇ ಕಾಲದ್ದು ಅನ್ನಬೇಡಿ. ಅಪ್ಪ 2008ರಲ್ಲಿ ತಂದ ಡ್ರಿಲ್ ಇನ್ನೂ ಓಡುತ್ತಿದೆ. ಎರಡು ಸಲ ಕಾರ್ಬನ್ ಬ್ರಷ್, ಒಂದು ಸಲ ವೈಂಡಿಂಗ್, ಅಷ್ಟೇ ಖರ್ಚು. ಬ್ಯಾಟರಿ ಹಾಗಲ್ಲ, ಡಬ್ಬಿಯಲ್ಲಿ ಇಟ್ಟರೂ ಮುದಿಯಾಗುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ ಇಡಿ, ಪೂರ್ತಿ ಖಾಲಿ ಮಾಡಿ ಇಡಬೇಡಿ.

ಆ ಬ್ಯಾಟರಿ ಗ್ರೈಂಡರ್ ಮಾರಿಲ್ಲ. ತೋಟದಲ್ಲಿ ತುಕ್ಕು ಹಿಡಿದ ಒಂದು ಬೋಲ್ಟ್ ಕತ್ತರಿಸುವಂಥ ಎರಡು ನಿಮಿಷದ ಕೆಲಸಕ್ಕೆ ಒಯ್ಯುತ್ತೇನೆ. ನಿಮ್ಮ ತೋಟದಲ್ಲಿ ಕರೆಂಟ್ ಲೈನ್ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇಲ್ಲದಿದ್ದರೆ ಗ್ರೈಂಡರ್ ಬಗ್ಗೆ ಹೇಳಿದ್ದು ಸ್ವಲ್ಪ ಬದಲಾಗುತ್ತದೆ, ತಿಳಿಸಿ.