ಗುರುತಿಲ್ಲದವರ ಜೊತೆ ಕೂತು ಆಡುವ ಆಟ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಇಂಡಿಯಾನಾಪೊಲಿಸ್‌ನಲ್ಲಿ ನಾನು ಪಾತ್‌ಫೈಂಡರ್ ಸೊಸೈಟಿಯ ಆಟಗಳನ್ನು, ಅಂದರೆ ದಾಳ ಹಾಕಿ ಪಾತ್ರ ವಹಿಸಿ ಆಡುವ ಕಥೆಯಾಟಗಳನ್ನು, ಆಡಿಸುತ್ತೇನೆ ಅಂತ ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಲ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನ್ನ ಮಗ ಇಂಡಿಯಾನಾದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಭಾನುವಾರ ಬಂತೆಂದರೆ ಒಂದು ಅಂಗಡಿಗೆ ಹೋಗಿ, ಪರಿಚಯವೇ ಇಲ್ಲದವರ ಜೊತೆ ನಾಲ್ಕೈದು ಗಂಟೆ ದಾಳ ಹಾಕಿ ಆಡುತ್ತಾನಂತೆ. “ಲೆವೆಲ್ ಮೂರಕ್ಕೆ ಬಂದೆ ಅಮ್ಮಾ” ಅಂತ ಫೋನಿನಲ್ಲಿ ಹೇಳಿದ. ಚಿನ್ನದ ಲೆಕ್ಕ ಬೇರೆ ಹೇಳುತ್ತಾನೆ. ಜೂಜಲ್ಲ ತಾನೇ?
– ಒಬ್ಬ ತಾಯಿ, ಮೈಸೂರು

ಉತ್ತರ: ಖಂಡಿತ ಜೂಜಲ್ಲ, ಅಕ್ಕ. ಆ ಚಿನ್ನ ಬರೀ ಕಾಗದದ ಮೇಲಿನದು. ಅದರಲ್ಲಿ ಕೊಳ್ಳುವುದೂ ಕಾಗದದ ಮೇಲಿನ ಕತ್ತಿ, ಗುರಾಣಿ, ಔಷಧಿ.

ಆಟ ಹೀಗಿರುತ್ತದೆ. ಗೇಮ್ ಮಾಸ್ಟರ್ ಅಂತ ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ: ಯೋಧ, ಮಂತ್ರವಾದಿ, ಕಳ್ಳ, ವೈದ್ಯೆ. “ಮುಂದೆ ಕುಸಿದ ಸೇತುವೆ ಇದೆ, ಏನು ಮಾಡ್ತೀರಿ?” ಅಂತ ಗೇಮ್ ಮಾಸ್ಟರ್ ಕೇಳಿದರೆ ಪಾತ್ರದ ಬಾಯಲ್ಲಿ ಉತ್ತರ ಹೇಳಬೇಕು. ಹಾರಿದರೆ ದಾಟುತ್ತಾರೋ ಬೀಳುತ್ತಾರೋ ಅನ್ನುವುದನ್ನು 20 ಮುಖದ ದಾಳ ತೀರ್ಮಾನ ಮಾಡುತ್ತದೆ. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಚಿಕ್ಕದಾಗಿ ಡಿ ಅಂಡ್ ಡಿ) ಅನ್ನುವ ಆಟ ಬಂದಾಗಿನಿಂದ ಇದು ನಡೆದುಕೊಂಡು ಬಂದಿದೆ. ಸಾಮಾನ್ಯವಾಗಿ ಐದಾರು ಗೆಳೆಯರು ಒಬ್ಬರ ಮನೆಯಲ್ಲಿ ಸೇರಿ ಒಂದೇ ಕಥೆಯನ್ನು ತಿಂಗಳುಗಟ್ಟಲೆ ಆಡುತ್ತಾರೆ.

ಆದರೆ ಹೊಸ ಊರಿಗೆ ಬಂದವರಿಗೆ ಆ ಐದು ಗೆಳೆಯರು ಎಲ್ಲಿಂದ ಬರಬೇಕು? ಆರ್ಗನೈಸ್ಡ್ ಪ್ಲೇ ಇರುವುದೇ ಅಂಥವರಿಗಾಗಿ, ಪಾತ್‌ಫೈಂಡರ್ ಸೊಸೈಟಿಯೂ ಅದರಲ್ಲೊಂದು. ಒಂದು ಕಂಪನಿ ನಾಲ್ಕೈದು ಗಂಟೆಯಲ್ಲಿ ಮುಗಿಯುವ ಕಥೆಗಳನ್ನು ಬರೆಸಿ ಕೊಡುತ್ತದೆ. ಇವಕ್ಕೆ ಸಿನಾರಿಯೋ ಅನ್ನುತ್ತಾರೆ. ಎಲ್ಲ ಊರಿನಲ್ಲೂ ಅದೇ ಕಥೆ, ಅದೇ ನಿಯಮ. ಹಾಗಾಗಿ ನಿಮ್ಮ ಮಗ ನಾಳೆ ಚಿಕಾಗೋಗೆ ಹೋದರೂ ತನ್ನ ಪಾತ್ರವನ್ನು ಜೊತೆಗೆ ಒಯ್ದು ಅಲ್ಲಿನ ಟೇಬಲ್ಲಿನಲ್ಲಿ ಕೂರಬಹುದು. ನೀವು ತಾಳಮದ್ದಲೆ ಕೇಳಿದ್ದೀರಲ್ವಾ? ಪ್ರಸಂಗ ಮೊದಲೇ ಇರುತ್ತದೆ, ಅರ್ಥಧಾರಿಗಳು ಅವತ್ತೇ ಸೇರಿರಬಹುದು, ಮಾತು ಅಲ್ಲೇ ಹುಟ್ಟುತ್ತದೆ. ಇದೂ ಹಾಗೇ. ಒಂದೇ ವ್ಯತ್ಯಾಸ ಅಂದರೆ, ಪ್ರಸಂಗ ಇಲ್ಲಿ ಗೇಮ್ ಮಾಸ್ಟರ್‌ಗೆ ಮಾತ್ರ ಗೊತ್ತು.

ಇನ್ನು ಆ ಲೆವೆಲ್ ವಿಷಯ. ಆಟ ಮುಗಿದ ಮೇಲೆ ಯಾರೂ ತಕ್ಷಣ ಎದ್ದು ಹೋಗುವುದಿಲ್ಲ. ನಾನು ಪ್ರತಿಯೊಬ್ಬರಿಗೂ ಕ್ರಾನಿಕಲ್ ಶೀಟ್ ಅನ್ನುವ ಒಂದು ಹಾಳೆ ಕೊಡುತ್ತೇನೆ. ಮೇಲೆ ಆಟಗಾರರ ಹೆಸರು, ಪಾತ್ರದ ಹೆಸರು, ಸೊಸೈಟಿ ನಂಬರ್. ಆ ನಂಬರಿನ ಕೊನೆಗೆ ಒಂದು ಗೀಟು ಎಳೆದು 2001 ಅಂತ ಇದ್ದರೆ ಅದು ಪಾತ್‌ಫೈಂಡರ್ ಆಟದ ಎರಡನೇ ಆವೃತ್ತಿಯಲ್ಲಿ ಅವರ ಮೊದಲ ಪಾತ್ರ. ಕೆಳಗೆ ಅವತ್ತು ಗಳಿಸಿದ ಅನುಭವದ ಅಂಕ, ಚಿನ್ನ, ಯಾವ ಬಣದಲ್ಲಿ ಎಷ್ಟು ಹೆಸರು ಬಂತು ಅನ್ನುವುದು. ಕಥೆಯಲ್ಲಿ ಯಾರಿಗಾದರೂ ಉಪಕಾರ ಮಾಡಿದ್ದರೆ ಅದಕ್ಕೂ ಒಂದು ಸಾಲು ಇರುತ್ತದೆ. 2019ರಲ್ಲಿ ಬಂದ ಈ ಎರಡನೇ ಆವೃತ್ತಿಯ ಲೆಕ್ಕದಲ್ಲಿ ಒಂದು ಸಿನಾರಿಯೋಗೆ 4 ಅಂಕ, 12 ಅಂಕಕ್ಕೆ ಒಂದು ಲೆವೆಲ್. ಅಂದರೆ ಮೂರನೇ ಲೆವೆಲ್ಲಿಗೆ ಬರಲು ನಿಮ್ಮ ಮಗ ಆರು ಕಥೆಗಳಷ್ಟು ಆಡಿರಬೇಕು. ಗುರುತಿಲ್ಲದವರ ಜೊತೆ ಅಷ್ಟು ಹೊತ್ತು ಕೂತು, ಯೋಚಿಸಿ, ವಾದ ಮಾಡಿ, ನಕ್ಕಿದ್ದಾನೆ ಅಂತ ಅರ್ಥ. ಅವನು ಖುಷಿಪಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ನೀವೂ ಖುಷಿಪಡಿ.

ಖರ್ಚಿನ ಬಗ್ಗೆಯೂ ಚಿಂತೆ ಬೇಡ. ನಿಯಮಗಳು ಆರ್ಕೈವ್ಸ್ ಆಫ್ ನೆಥಿಸ್ ಅನ್ನುವ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಅದಕ್ಕೆ ಕಂಪನಿಯ ಒಪ್ಪಿಗೆಯೇ ಇದೆ. ನಾನು ಆಡಿಸುವ ಅಂಗಡಿಯಲ್ಲಿ ಕುರ್ಚಿಗೂ ದುಡ್ಡಿಲ್ಲ.

ಪ್ರಶ್ನೆ: ಹಾಸ್ಟೆಲ್ಲಿನಲ್ಲಿ ಗೆಳೆಯರ ಜೊತೆ ಡಿ ಅಂಡ್ ಡಿ ಆಡುತ್ತೇನೆ. ನನ್ನ ಪಾತ್ರ ಈಗ 9ನೇ ಲೆವೆಲ್, ಮಾಂತ್ರಿಕ ಕತ್ತಿಯೂ ಇದೆ. ಇದನ್ನು ಅಡ್ವೆಂಚರರ್ಸ್ ಲೀಗ್‌ಗೆ ತರಬಹುದಾ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು

ಉತ್ತರ: ಆಗಲ್ಲ. ಡಿ ಅಂಡ್ ಡಿಯ ಆರ್ಗನೈಸ್ಡ್ ಪ್ಲೇ ಆದ ಈ ಲೀಗ್ ಶುರುವಾಗಿದ್ದು 2014ರಲ್ಲಿ, ಆಗಿನಿಂದಲೂ ಅಲ್ಲಿನ ಪಾತ್ರ ಲೀಗಿನ ನಿಯಮದಲ್ಲೇ ಹುಟ್ಟಬೇಕು. ಶಕ್ತಿ, ಚುರುಕುತನ, ಬುದ್ಧಿಯಂಥ ಆರು ಗುಣಗಳಿಗೆ ದಾಳ ಹಾಕಿ ಅಂಕ ತೆಗೆಯುವ ಹಾಗಿಲ್ಲ. 15, 14, 13, 12, 10, 8 ಈ ಆರನ್ನು ನಿಮಗೆ ಬೇಕಾದಂತೆ ಹಂಚಬೇಕು, ಇಲ್ಲವೇ 27 ಪಾಯಿಂಟ್‌ಗಳಲ್ಲಿ ಆ ಅಂಕಗಳನ್ನು ಕೊಳ್ಳಬೇಕು. ನಿಮ್ಮ ಹಾಸ್ಟೆಲ್ಲಿನಲ್ಲಿ ಯಾರಿಗೋ ಆರಕ್ಕೆ ಆರೂ 18 ಬಿದ್ದಿತ್ತು ಅಂದುಕೊಳ್ಳಿ. ಅವರ ಪಕ್ಕ ಹೊಸ ಟೇಬಲ್ಲಿನಲ್ಲಿ ಕೂತವರಿಗೆ ಅದನ್ನು ನಂಬುವುದಕ್ಕೆ ಆಧಾರ ಏನಿದೆ? ಗುರುತಿಲ್ಲದವರ ನಡುವೆ ನಂಬಿಕೆ ಇರಬೇಕಾದರೆ ಲೆಕ್ಕ ಎಲ್ಲರಿಗೂ ಒಂದೇ ಇರಬೇಕು.

ಇದರಿಂದ ಕಳೆದುಕೊಳ್ಳುವುದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಒಮ್ಮೆ ನನ್ನ ಟೇಬಲ್ಲಿನಲ್ಲಿ ಒಬ್ಬ ಹುಡುಗಿ ಸೆರೆಸಿಕ್ಕ ದರೋಡೆಕೋರನನ್ನು ಕೊಲ್ಲಲು ಬಿಡಲಿಲ್ಲ. ಅವನ ಪಕ್ಕ ಕೂತು ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ ಅಂತೆಲ್ಲ ಕೇಳಿದಳು. ಸಿನಾರಿಯೋದಲ್ಲಿ ಅವನಿಗೆ ಹೆಸರೂ ಇರಲಿಲ್ಲ. ನಾನು ಅಲ್ಲೇ ಒಂದು ಹೆಸರಿಟ್ಟು, ಇಬ್ಬರು ತಂಗಿಯರನ್ನೂ ಕೊಟ್ಟೆ. ಟೇಬಲ್ಲಿಗೆ ಟೇಬಲ್ಲೇ ಅವನ ಮಾತು ಕೇಳುತ್ತಾ ಕೂತಿತು. ಇದೇ ನಿಮ್ಮ ಹಾಸ್ಟೆಲ್ಲಿನ ಆಟವಾಗಿದ್ದರೆ ಅವನು ಮುಂದಿನ ವಾರವೂ ಬರುತ್ತಿದ್ದ, ಅವನ ತಂಗಿಯರ ಮದುವೆಗೂ ನೀವೆಲ್ಲ ಹೋಗುತ್ತಿದ್ದಿರಿ. ನಮ್ಮಲ್ಲಿ ಅವನ ಕಥೆ ಆ ಸಂಜೆಗೇ ಮುಗಿಯಿತು. ಹಾಗಾಗಿ ಹಾಸ್ಟೆಲ್ಲಿನ ಆಟ ಬಿಡಬೇಡಿ. ಲೀಗ್‌ಗೆ ಇನ್ನೊಂದು ಪಾತ್ರ ಮಾಡಿಕೊಳ್ಳಿ.

ಪ್ರಶ್ನೆ: ನಮ್ಮೂರಿನಲ್ಲಿ ಇಂಥದ್ದನ್ನು ಆಡಿಸುವವರು ಯಾರೂ ಇಲ್ಲ. ನಾನೇ ಶುರು ಮಾಡಬಹುದಾ?
– ಓದುಗರು, ಹುಬ್ಬಳ್ಳಿ

ಉತ್ತರ: ಧಾರಾಳವಾಗಿ ಮಾಡಿ. ಪಾತ್‌ಫೈಂಡರ್ ಆದರೆ ಅದನ್ನು ತರುವ ಪೈಜೊ ಕಂಪನಿಯ ಜಾಲತಾಣದಲ್ಲಿ ಖಾತೆ ತೆರೆಯಿರಿ, ಒಂದು ಸಿನಾರಿಯೋ ಪಿಡಿಎಫ್ ಕೊಳ್ಳಿ, ಈವೆಂಟ್ ನೋಂದಾಯಿಸಿ. ಮೊದಲ ಲೆವೆಲ್ಲಿನವರು ಆಡಬಹುದಾದ ಕಥೆಯನ್ನೇ ಆರಿಸಿ. ಟೇಬಲ್ಲಿಗೆ ನಾಲ್ಕರಿಂದ ಆರು ಜನ ಬೇಕು. ಕಥೆಯನ್ನು ಎರಡು ಸಲ ಪೂರ್ತಿ ಓದಿಕೊಳ್ಳಿ, ಒಮ್ಮೆ ಕಥೆಗಾಗಿ, ಒಮ್ಮೆ ಕಾದಾಟಗಳ ಅಂಕಿಗಳಿಗಾಗಿ.

ಬಂದವರಲ್ಲಿ ಯಾರ ಹತ್ತಿರವೂ ಪಾತ್ರ ಇಲ್ಲದಿದ್ದರೆ ಗಾಬರಿ ಬೇಡ. ಕಂಪನಿಯೇ ತಯಾರಿಸಿಟ್ಟ ಪಾತ್ರಗಳಿವೆ: ಯೋಧ ವಲೆರೋಸ್, ಗಾಯ ವಾಸಿ ಮಾಡುವ ಪೂಜಾರಿಣಿ ಕೈರಾ, ಮಂತ್ರವಾದಿ ಎಜ್ರೆನ್. ಹಾಳೆ ಪ್ರಿಂಟ್ ಮಾಡಿ ಕೈಗೆ ಕೊಟ್ಟರೆ ಆಯಿತು. ಹೊಸಬರಿಗೆ ನಾನು ಯಾವಾಗಲೂ ಕೈರಾಳನ್ನೇ ಕೊಡುವುದು. ಯಾರಾದರೂ ಗಾಯಗೊಂಡ ಕೂಡಲೇ ಎಲ್ಲರೂ ಕೈರಾ ಆಡುವವರ ಕಡೆ ತಿರುಗುತ್ತಾರೆ. ಸುಮ್ನೆ ಮೂಲೆಯಲ್ಲಿ ಕೂರುವುದಕ್ಕೆ ಆಗುವುದೇ ಇಲ್ಲ. ಅವತ್ತು ಗಳಿಸಿದ ಅಂಕ ಆಮೇಲೆ ಅವರು ಮಾಡುವ ಸ್ವಂತ ಪಾತ್ರಕ್ಕೆ ಸೇರುತ್ತದೆ. ಆಡಿಸಿದ ನಿಮಗೂ ನಿಮ್ಮ ಒಂದು ಪಾತ್ರಕ್ಕೆ ಕ್ರಾನಿಕಲ್ ಶೀಟ್ ಸಿಗುತ್ತದೆ. ಇದು ನನಗೆ ಬಹಳ ಇಷ್ಟವಾದ ನಿಯಮ. ಇಲ್ಲದಿದ್ದರೆ ಆಡಿಸುವವರು ಯಾವಾಗಲೂ ಹಿಂದೆ ಬೀಳುತ್ತಿದ್ದರು.

ಮುಗಿದ ಮೇಲೆ ವರದಿಯನ್ನು ಆನ್‌ಲೈನಿನಲ್ಲಿ ಹಾಕಿ. ತೊಂದರೆಯಾದರೆ ವೆಂಚರ್ ಕ್ಯಾಪ್ಟನ್ ಅನ್ನುವ ಸ್ವಯಂಸೇವಕರಿದ್ದಾರೆ, ಅವರಿಗೆ ಬರೆಯಿರಿ. ಅಷ್ಟು ಜನ ಊರಿನಲ್ಲಿ ಸಿಗದಿದ್ದರೆ ಡಿಸ್ಕಾರ್ಡ್‌ನಲ್ಲಿ ಮಾತಾಡಿಕೊಂಡು ಆನ್‌ಲೈನ್ ಟೇಬಲ್ಲಿನಲ್ಲಿ ಆಡಿದರೂ ಲೆಕ್ಕಕ್ಕೆ ಬರುತ್ತದೆ. ಕನ್ನಡದಲ್ಲೇ ಆಡಿಸಿ. ಹಾಳೆಯ ಮೇಲಿನ ಅಂಕಿಗಳಿಗೆ ಯಾವ ಭಾಷೆಯಾದರೇನು?

ಪ್ರಶ್ನೆ: ಟೇಬಲ್ಲಿನಲ್ಲಿ ಒಬ್ಬ ಬೇಕಂತಲೇ ಬೇರೆಯವರ ಪಾತ್ರಕ್ಕೆ ಏಟು ಕೊಡುತ್ತಾನೆ. “ನನ್ನ ಪಾತ್ರ ಕೆಟ್ಟದ್ದು” ಅನ್ನುತ್ತಾನೆ. ಏನು ಮಾಡುವುದು?
– ಓದುಗರು, ನ್ಯೂಜೆರ್ಸಿ

ಉತ್ತರ: ಸೊಸೈಟಿಯಲ್ಲಿ ಕೆಟ್ಟ ಪಾತ್ರಕ್ಕೆ ಜಾಗವೇ ಇಲ್ಲ. ಸೊಸೈಟಿಯ ಮೂರು ಕರ್ತವ್ಯಗಳು ಹುಡುಕು, ವರದಿ ಮಾಡು, ಸಹಕರಿಸು. ಆಟ ನಿಲ್ಲಿಸಿ ಗೇಮ್ ಮಾಸ್ಟರ್‌ಗೆ ನೇರವಾಗಿ ಹೇಳಿ. ಅವರು ಕೇಳದಿದ್ದರೆ ಸಂಘಟಕರಿಗೆ ಹೇಳಿ. ಸಹಿಸಿಕೊಂಡು ಕೂರಬೇಡಿ.

ಪ್ರಶ್ನೆ: ಕೊನೆಗೂ ಇದು ಪುಸ್ತಕ ಮಾರುವ ಉಪಾಯ ಅಲ್ವಾ? ಕಂಪನಿ ನಿಲ್ಲಿಸಿದರೆ ನಮ್ಮ ಪಾತ್ರದ ಗತಿ?
– ಓದುಗರು, ಶಿವಮೊಗ್ಗ

ಉತ್ತರ: ಪುಸ್ತಕ ಮಾರುವ ಉದ್ದೇಶ ಇದ್ದೇ ಇದೆ. ಡಿ ಅಂಡ್ ಡಿ ತಂದ ಟಿ.ಎಸ್.ಆರ್. ಕಂಪನಿಯೇ 1980ರಲ್ಲಿ ಆರ್.ಪಿ.ಜಿ.ಎ. ಅನ್ನುವ ಆಟಗಾರರ ಸಂಘ ಕಟ್ಟಿತು. ಅದಕ್ಕೂ ಮೊದಲು ಆಟಗಾರರ ಸಮ್ಮೇಳನಗಳಲ್ಲಿ ನಡೆಯುತ್ತಿದ್ದದ್ದು ಹೆಚ್ಚಾಗಿ ಸ್ಪರ್ಧೆ. ಒಂದೇ ಕಥೆಯಲ್ಲಿ ಯಾವ ತಂಡ ಜಾಸ್ತಿ ದೂರ ಹೋಗುತ್ತದೆ ಅನ್ನುವ ಲೆಕ್ಕ. ಆಟ ಮುಗಿದರೆ ಪಾತ್ರವೂ ಮುಗಿಯಿತು. 1987ರಲ್ಲಿ ಬಂದ ಲಿವಿಂಗ್ ಸಿಟಿ ಅನ್ನುವ ಅಭಿಯಾನ (ಮುಂದುವರಿಯುತ್ತಾ ಹೋಗುವ ಕಥೆಗಳ ಸರಣಿ) ಆ ಪದ್ಧತಿ ಬದಲಿಸಿತು. ಅಲ್ಲಿಂದ ಪಾತ್ರ ಸಮ್ಮೇಳನದಿಂದ ಸಮ್ಮೇಳನಕ್ಕೆ ಮುಂದುವರಿಯತೊಡಗಿತು. 2000ದಲ್ಲಿ ಲಿವಿಂಗ್ ಗ್ರೇಹಾಕ್ ಇನ್ನೂ ಮುಂದೆ ಹೋಯಿತು. ನಿಜವಾದ ರಾಜ್ಯ, ದೇಶಗಳನ್ನು ಆಟದ ಪ್ರಾಂತ್ಯಗಳಿಗೆ ಹೊಂದಿಸಿದರು. ಆಯಾ ಕಡೆಯ ಸ್ವಯಂಸೇವಕರೇ ತಮ್ಮ ಪ್ರಾಂತ್ಯದ ಕಥೆ ಬರೆದರು. ಆ ಕಥೆ ಆಡಬೇಕೆಂದರೆ ಆ ಊರಿಗೇ ಹೋಗಬೇಕಿತ್ತು, ಜನ ಹೋಗುತ್ತಲೂ ಇದ್ದರು.

2008ರಲ್ಲಿ ಅದು ನಿಂತಿತು. ಡಿ ಅಂಡ್ ಡಿಯ ಹೊಸ ಆವೃತ್ತಿ ಬಂತು, ಹಳೆಯ ಪಾತ್ರಗಳು ಹೊಸ ಅಭಿಯಾನಕ್ಕೆ ಬರಲಿಲ್ಲ. ಅದೇ ವರ್ಷ ಜೆನ್ ಕಾನ್ ಸಮ್ಮೇಳನದಲ್ಲಿ ಪಾತ್‌ಫೈಂಡರ್ ಸೊಸೈಟಿ ಶುರುವಾಯಿತು. ಆದ್ದರಿಂದ ನಿಮ್ಮ ಭಯ ಸುಳ್ಳಲ್ಲ, ಅಭಿಯಾನ ನಿಲ್ಲಬಹುದು. ಜಾಲತಾಣದ ದಾಖಲೆಯೊಂದನ್ನೇ ನಂಬಬೇಡಿ. ಪ್ರತಿ ಕ್ರಾನಿಕಲ್ ಶೀಟನ್ನೂ ಪ್ರಿಂಟ್ ಮಾಡಿ, ಯಾರ ಜೊತೆ ಆಡಿದಿರಿ ಅಂತ ಹಿಂದೆ ಬರೆದು, ಒಂದು ಫೈಲಿನಲ್ಲಿ ಹಾಕಿಡಿ. ಸೊಸೈಟಿ ನಿಂತರೂ ಆ ಪಾತ್ರವನ್ನು ಮನೆಯ ಆಟದಲ್ಲಿ ಮುಂದುವರಿಸಲು ಯಾರ ಅಪ್ಪಣೆಯೂ ಬೇಕಿಲ್ಲ.