ಆನ್ಸಿಬಲ್‌ನಲ್ಲಿ (ಹಲವು ಸರ್ವರುಗಳ ಸೆಟ್ಟಿಂಗ್ ಒಟ್ಟಿಗೆ ಮಾಡುವ ಸಾಧನ) ಒಂದು ಕಮಾಂಡ್ ಒಂದೇ ಸಲ ಓಡಲಿ ಅಂತ ಗುರುತಿನ ಫೈಲ್ ಇಡುವುದು ಸರಿಯೇ?

ಇಡಬೇಡಿ. ನೀವು ಬರೆದಿರುವ ಕ್ರಮ ಇದು: ಎಸ್‌ಇಲಿನಕ್ಸ್ (ಲಿನಕ್ಸಿನ ಭದ್ರತಾ ವ್ಯವಸ್ಥೆ) ಬೂಲಿಯನ್, ಅಂದರೆ ಅದರ ಆನ್-ಆಫ್ ಸ್ವಿಚ್, ಬದಲಿಸಲು ಸೆಟ್‌ಸೆಬೂಲ್ ಕಮಾಂಡ್ (ದೊಡ್ಡ ‘ಪಿ’ ಹಾಕಿದರೆ ತಡ ಅಂತಲೂ ಹೇಳಿದ್ದೀರಿ), ಅದು ಮುಗಿದ ಮೇಲೆ ಒಂದು ಖಾಲಿ ಫೈಲ್, ಮುಂದಿನ ಸಲ ಆ ಫೈಲ್ ಇದ್ದರೆ ಕಮಾಂಡ್ ಬಿಟ್ಟುಬಿಡಲು ‘ಕ್ರಿಯೇಟ್ಸ್’. ನಾಲ್ಕು ವರ್ಷದ ಹಿಂದೆ ನಾನೂ ಅಕ್ಷರಕ್ಕೆ ಅಕ್ಷರ ಇದನ್ನೇ ಬರೆದಿದ್ದೆ.

ಮುಂದೆ ಎಂಜಿನ್‌ಎಕ್ಸ್ ವೆಬ್ ಸರ್ವರ್, ಹಿಂದೆ 8080 ಪೋರ್ಟಿನಲ್ಲಿ ಜಾವಾ ಅಪ್ಲಿಕೇಶನ್, ಹೀಗೆ 36 ಸರ್ವರ್ ನನ್ನ ಪಾಲಿಗಿದ್ದವು. ಎಸ್‌ಇಲಿನಕ್ಸ್ ಎನ್‌ಫೋರ್ಸಿಂಗ್‌ನಲ್ಲಿದ್ದಾಗ (ನಿಯಮ ಮೀರಿದ್ದನ್ನು ತಡೆಯುವ ಸ್ಥಿತಿ) ಎಂಜಿನ್‌ಎಕ್ಸ್ ಹಿಂದಿನ ಪೋರ್ಟಿಗೆ ಹೋಗಬೇಕಾದರೆ ‘ಹೆಚ್‌ಟಿಟಿಪಿಡಿ ಕ್ಯಾನ್ ನೆಟ್‌ವರ್ಕ್ ಕನೆಕ್ಟ್’ ಬೂಲಿಯನ್ ಆನ್ ಆಗಿರಬೇಕು. ಸೆಟ್‌ಸೆಬೂಲ್‌ಗೆ ದೊಡ್ಡ ‘ಪಿ’ ಕೊಟ್ಟರೆ ಪಾಲಿಸಿಯನ್ನೇ (ಎಸ್‌ಇಲಿನಕ್ಸ್ ನಿಯಮಗಳ ಕಟ್ಟು) ಮತ್ತೆ ಕಟ್ಟುತ್ತದೆ, ಹಾಗಾಗಿ ತಡ. ಪರೀಕ್ಷೆ ಮಾಡುವಾಗ ಬೇಗ ಆಗಲಿ ಅಂತ ಪಿ ತೆಗೆದಿದ್ದೆ, ಮತ್ತೆ ಸೇರಿಸಲಿಲ್ಲ. ಪಿ ಇಲ್ಲದೆ ಮಾಡಿದ ಬದಲಾವಣೆ ರೀಬೂಟ್ ಆಗುವವರೆಗೆ ಮಾತ್ರ.

ಒಂದು ಶನಿವಾರ ರಾತ್ರಿ ಕರ್ನಲ್ ಪ್ಯಾಚ್ ಹಾಕಿ ಎಲ್ಲವನ್ನೂ ರೀಬೂಟ್ ಮಾಡಿದೆವು. ಎಲ್ಲ ಸರ್ವರಿನಲ್ಲೂ 502, ಅಂದರೆ ಹಿಂದಿನ ಅಪ್ಲಿಕೇಶನ್‌ನಿಂದ ಸರಿಯಾದ ಉತ್ತರ ಬರಲಿಲ್ಲ ಅನ್ನುವ ಎರರ್. ಪ್ಲೇಬುಕ್ (ಆನ್ಸಿಬಲ್ ಮಾಡಬೇಕಾದ ಕೆಲಸಗಳ ಪಟ್ಟಿ) ಓಡಿಸಿದೆ: ಪೂರ್ತಿ ಹಸಿರು, ಚೇಂಜ್ಡ್ ಸೊನ್ನೆ, ಫೇಲ್ಡ್ ಸೊನ್ನೆ. ಆ ಹಸಿರನ್ನು ನಂಬಿ ಎರಡು ಗಂಟೆ ಲೋಡ್ ಬ್ಯಾಲೆನ್ಸರ್, ಫೈರ್‌ವಾಲ್, ಜಾವಾ ಮೆಮೊರಿ ಅಂತ ತಡಕಾಡಿದೆ. ಕೊನೆಗೆ ಎಂಜಿನ್‌ಎಕ್ಸ್ ಎರರ್ ಲಾಗ್ ತೆರೆದರೆ ಸಾಲುಸಾಲಾಗಿ ‘13: ಪರ್ಮಿಷನ್ ಡಿನೈಡ್’. ಬೂಲಿಯನ್‌ನ ಬೆಲೆ ತೋರಿಸುವ ಗೆಟ್‌ಸೆಬೂಲ್ ಕೇಳಿದೆ. ಆಫ್.

ಪಿ ಮರೆತದ್ದೇ ತಪ್ಪು ಅಂತ ತಂಡದಲ್ಲಿ ಎಲ್ಲರೂ ಅಂದರು. ನಾನು ಈಗಲೂ ಒಪ್ಪುವುದಿಲ್ಲ. ಪಿ ಒಂದನ್ನೇ ಮರೆತಿದ್ದರೆ, ರೀಬೂಟ್ ಆದ ಮೇಲೆ ಪ್ಲೇಬುಕ್ ಮತ್ತೆ ಓಡಿದಾಗ ಕಮಾಂಡೂ ಓಡಿ ಬೂಲಿಯನ್ ಆನ್ ಆಗುತ್ತಿತ್ತು. ಐದು ನಿಮಿಷದ ತೊಂದರೆ, ಅಷ್ಟೆ. ಆ ದಾರಿಯನ್ನು ಮುಚ್ಚಿದ್ದು ಗುರುತಿನ ಫೈಲ್. ‘ಈ ಕಮಾಂಡ್ ಹಿಂದೊಮ್ಮೆ ಓಡಿದೆ’ ಅನ್ನುವುದಷ್ಟೇ ಅದಕ್ಕೆ ಗೊತ್ತು. ಬೂಲಿಯನ್ ಈಗ ಏನಾಗಿದೆ ಅನ್ನುವುದು ಗೊತ್ತಿಲ್ಲ. ಫೈಲ್ ಡಿಸ್ಕಿನಲ್ಲಿ ಉಳಿಯಿತು, ಸೆಟ್ಟಿಂಗ್ ಮೆಮೊರಿಯ ಜೊತೆ ಹೋಯಿತು. ಆನ್ಸಿಬಲ್ ಫೈಲ್ ನೋಡಿ ‘ಓಕೆ’ ಅಂದಿತು. ನಾನು ಕೇಳಿದ್ದೇ ಅಷ್ಟನ್ನು.

ಹಾಗಾಗಿ ‘ಒಂದೇ ಸಲ ಓಡಿಸುವುದು ಹೇಗೆ’ ಅನ್ನುವ ಪ್ರಶ್ನೆಯನ್ನೇ ಬಿಡಿ. ಬೇಕಾದ ಸ್ಥಿತಿಯಲ್ಲಿ ಇಲ್ಲದಿದ್ದಾಗಲೆಲ್ಲ ಓಡಬೇಕು, ನೂರು ಸಲವಾದರೂ ಸರಿ. 1993ರಲ್ಲಿ ಓಸ್ಲೊದಲ್ಲಿ ಮಾರ್ಕ್ ಬರ್ಜೆಸ್ ಸಿಎಫ್‌ಇಂಜಿನ್ ಅನ್ನುವ ಇಂಥದೇ ಸಾಧನ ಶುರು ಮಾಡಿದ ಕಾಲದಿಂದಲೂ ಈ ಸಾಧನಗಳು ನಿಂತಿರುವುದು ಇದರ ಮೇಲೆಯೇ.

ನಿಮ್ಮ ಬೂಲಿಯನ್‌ಗೆ ಕಮಾಂಡೇ ಬೇಡ. ಆನ್ಸಿಬಲ್‌ನಲ್ಲಿ ಸೆಬೂಲಿಯನ್ ಮಾಡ್ಯೂಲ್ ಇದೆ, ಪಪೆಟ್ ಅನ್ನುವ ಇನ್ನೊಂದು ಸಾಧನದಲ್ಲಿ ಸೆಲ್‌ಬೂಲಿಯನ್. ಎರಡರಲ್ಲೂ ‘ಪರ್ಸಿಸ್ಟೆಂಟ್’ (ರೀಬೂಟ್ ನಂತರವೂ ಉಳಿಯಲಿ ಅನ್ನುವ ಆಯ್ಕೆ) ಅನ್ನು ನೀವೇ ಆನ್ ಮಾಡಬೇಕು, ತಾನಾಗಿ ಆಗುವುದಿಲ್ಲ. ಮಾಡ್ಯೂಲ್ ಇಲ್ಲದ ಸೆಟ್ಟಿಂಗ್ ಆದರೆ ಎರಡು ಟಾಸ್ಕ್ ಬರೆಯಿರಿ. ಮೊದಲನೆಯದು ಬರೀ ಕೇಳುವ ಕಮಾಂಡ್: ಉತ್ತರವನ್ನು ರಿಜಿಸ್ಟರ್ ಮಾಡಿ, ಬದಲಾವಣೆ ಅಂತ ಎಣಿಸದಿರಲು ‘ಚೇಂಜ್ಡ್ ವೆನ್’ ಫಾಲ್ಸ್ ಇಡಿ, ‘ಚೆಕ್ ಮೋಡ್’ ಕೂಡ ಫಾಲ್ಸ್ ಇಡಿ, ಇಲ್ಲದಿದ್ದರೆ ಡ್ರೈ ರನ್‌ನಲ್ಲಿ (ಏನನ್ನೂ ಬದಲಿಸದೆ ಮಾಡುವ ಪರೀಕ್ಷೆ) ಕೇಳುವ ಕಮಾಂಡೂ ಓಡುವುದಿಲ್ಲ. ಎರಡನೆಯದು, ಉತ್ತರ ಬೇರೆ ಬಂದರೆ ಮಾತ್ರ ಬದಲಿಸುವ ಕಮಾಂಡ್.

ಏನನ್ನು ಕೇಳುತ್ತೀರಿ ಅನ್ನುವುದರಲ್ಲೂ ಎಚ್ಚರ ಬೇಕು. ಗೆಟ್‌ಸೆಬೂಲ್ ಹೇಳುವುದು ಈ ಕ್ಷಣದ ಬೆಲೆ ಮಾತ್ರ. ‘ಸೆಮ್ಯಾನೇಜ್ ಬೂಲಿಯನ್’ ಪಟ್ಟಿಯಲ್ಲಿ ಎರಡು ಬೆಲೆ ಇರುತ್ತವೆ: ಈಗಿನದು, ರೀಬೂಟ್ ನಂತರದ್ದು. ಆ ಶನಿವಾರ ಸಂಜೆ ನೋಡಿದ್ದರೆ ನನಗೆ ‘ಆನ್, ಆಫ್’ ಅಂತ ಕಣ್ಣಿಗೇ ಕಾಣುತ್ತಿತ್ತು.

ಪಿ ಹಾಕಿದರೆ ತಡ ಅಂತ ಬರೆದಿದ್ದೀರಿ, ನಿಜ. ಆದರೆ ಬೇಕಾದ ಬೂಲಿಯನ್‌ಗಳನ್ನೆಲ್ಲ ಒಂದೇ ಸೆಟ್‌ಸೆಬೂಲ್‌ಗೆ ಒಟ್ಟಿಗೆ ಕೊಡಬಹುದು, ಪಾಲಿಸಿ ಒಂದೇ ಸಲ ಕಟ್ಟಿಕೊಳ್ಳುತ್ತದೆ. ಈಗ ಓಡುತ್ತಿರುವ ಸರ್ವರುಗಳಲ್ಲಿ ಆ ಎರಡು ಬೆಲೆ ಒಂದೇ ಇವೆಯೇ ಅಂತ ಇವತ್ತೇ ನೋಡಿ, ಮುಂದಿನ ಪ್ಯಾಚ್‌ಗೆ ಕಾಯಬೇಡಿ.